ಒಮ್ಮೆ ಕನ್ನ ಬಿದ್ದ ಮನೆಗೇ ಮೊದಲ ಕಾವಲು

ಎಲ್ಲರಿಗೂ ನಮಸ್ಕಾರ.

ಬೀದಿಯಲ್ಲಿ ಒಂದು ಮನೆಗೆ ಕನ್ನ ಬಿದ್ದರೆ ಮಾರನೆಯ ದಿನ ಅಕ್ಕಪಕ್ಕದವರೆಲ್ಲ ಹೊಸ ಬೀಗ ತರುತ್ತಾರೆ, ಬಡಾವಣೆಯ ಸಂಘದ ಸಭೆ ಸೇರುತ್ತದೆ. ಕಳೆದುಕೊಂಡವರಿಗೆ ಮಾತ್ರ ‘ಆಗಿದ್ದು ಆಗಿಹೋಯ್ತು, ಇನ್ನು ನಿಮ್ಮ ಮನೆಗೆ ಬರಲ್ಲ ಬಿಡಿ’ ಎಂಬ ಸಮಾಧಾನ ಸಿಗುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಮಾತು ತಪ್ಪು. ಮುಂದಿನ ಕೆಲವು ವಾರ ಇಡೀ ಬೀದಿಯಲ್ಲಿ ಹೆಚ್ಚು ಅಪಾಯವಿರುವುದು ಅದೇ ಮನೆಗೆ. ಅದು ಬಿಟ್ಟರೆ ಅದರ ಆಸುಪಾಸಿನ ಮನೆಗಳಿಗೆ.

ಕಾರಣ ಕಷ್ಟದ್ದಲ್ಲ. ಒಳಗೆ ಬಂದು ಹೋದವನಿಗೆ ಬೀರು ಎಲ್ಲಿದೆ, ಹಿಂಬಾಗಿಲು ಎಷ್ಟು ಗಟ್ಟಿ, ಮನೆಯವರು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತಾರೆ ಎಲ್ಲ ಗೊತ್ತು. ಕೈಗೆ ಸಿಗದೆ ಬಿಟ್ಟುಹೋದ ವಸ್ತುಗಳೂ ನೆನಪಿರುತ್ತವೆ. ಮುರಿದ ಬಾಗಿಲಿಗೆ ಬಡಗಿ ಬರುವುದು ಹದಿನೈದು ದಿನ ತಡವಾದರೆ ಅಷ್ಟೂ ದಿನ ದಾರಿ ತೆರೆದೇ ಇರುತ್ತದೆ. ಪಕ್ಕದ ಮನೆಗಳನ್ನು ಹೆಚ್ಚಾಗಿ ಒಬ್ಬನೇ ಮೇಸ್ತ್ರಿ ಕಟ್ಟಿರುತ್ತಾನೆ. ಅದೇ ಬಾಗಿಲು, ಅದೇ ಚಿಲಕ, ಅದೇ ಹಿತ್ತಲು.

ಇದನ್ನು ಕೆಲಸಕ್ಕೆ ಹಚ್ಚಿ ತೋರಿಸಿದ ಊರು ಇಂಗ್ಲೆಂಡಿನ ರಾಚ್‌ಡೇಲ್. ಅಲ್ಲಿನ ಕರ್ಕ್‌ಹೋಲ್ಟ್ ಎಂಬ ಬಡವರ ವಸತಿ ಬಡಾವಣೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳಿದ್ದವು, ಕನ್ನಗಳವು ವಿಪರೀತವಾಗಿತ್ತು. 1980ರ ದಶಕದ ನಡುವೆ ಶುರುವಾದ ಯೋಜನೆಯಲ್ಲಿ ಎಲ್ಲ ಮನೆಗಳಿಗೂ ಒಂದಿಷ್ಟು ಹಂಚುವ ಬದಲು ಕಳವಾದ ಮನೆಗಳಿಗೆ ಮೊದಲು ಹೋದರು. ಕಳ್ಳ ಯಾವ ಕಿಟಕಿಯಿಂದ, ಯಾವ ಬಾಗಿಲಿಂದ ಬಂದ ಎಂದು ಕೇಳಿ ಅಲ್ಲೇ ಬೀಗ ಬಲಪಡಿಸಿದರು. ಅಲ್ಲಿನ ಮನೆಗಳಲ್ಲಿ ನಾಣ್ಯ ಹಾಕಿದರೆ ವಿದ್ಯುತ್ತು, ಗ್ಯಾಸು ಕೊಡುವ ಮೀಟರುಗಳಿದ್ದವು. ಎಷ್ಟೋ ಕಳ್ಳತನಗಳಲ್ಲಿ ಆ ಮೀಟರಿನ ದುಡ್ಡೇ ಹೋಗುತ್ತಿತ್ತು, ಅವನ್ನು ತೆಗೆಸಿದರು. ಕಳವಾದ ಮನೆಯ ಸುತ್ತಲಿನ ಐದಾರು ಮನೆಯವರನ್ನು ಕರೆದು, ಈ ಒಂದು ಮನೆಯ ಮೇಲೆ ಕಣ್ಣಿಡಿ ಎಂದು ಒಪ್ಪಿಸಿದರು. ಮೂರು ವರ್ಷಗಳಲ್ಲಿ ಕನ್ನಗಳವು ಸುಮಾರು ಮುಕ್ಕಾಲು ಪಾಲು ಇಳಿಯಿತು.

ಗಸ್ತು ಹೆಚ್ಚಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಇದನ್ನೇ ಪರೀಕ್ಷಿಸಿದರು. 15 ಬೀಟುಗಳಲ್ಲಿ, ಅಂದರೆ ಪೊಲೀಸರ ಗಸ್ತಿಗೆಂದು ಹಂಚಿದ ಪ್ರದೇಶಗಳಲ್ಲಿ, ಕೆಲವು ಕಡೆ ಸುಮ್ಮನೆ ಸುತ್ತುವ ಗಸ್ತನ್ನು ನಿಲ್ಲಿಸಿದರು, ಕೆಲವು ಕಡೆ ಎರಡು ಮೂರು ಪಟ್ಟು ಮಾಡಿದರು, ಉಳಿದ ಕಡೆ ಮೊದಲಿನಂತೆ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 1989ರಲ್ಲಿ ಪ್ರಕಟವಾದ, ಅಮೆರಿಕದ್ದೇ ಆದ ಮಿನಿಯಾಪೊಲಿಸ್ ನಗರದ ಅಧ್ಯಯನ ಇದಕ್ಕೆ ಒಂದು ಕಾರಣ ತೋರಿಸಿತು. ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ನಗರದ ಶೇಕಡ 3ರಷ್ಟು ವಿಳಾಸಗಳಿಂದಲೇ ಬಂದಿದ್ದವು. ಅಪರಾಧ ಎಲ್ಲ ಕಡೆ ಸಮನಾಗಿ ಹರಡಿಲ್ಲ ಎಂದಮೇಲೆ ಕಾವಲನ್ನು ಸಮನಾಗಿ ಹರಡಿ ಫಲವೇನು? ಬೀಟ್ ಪೊಲೀಸರನ್ನು ‘ನಮ್ಮ ಬಡಾವಣೆಗೆ ಬನ್ನಿ’ ಎಂದು ಕೇಳುವುದಕ್ಕಿಂತ ‘ಮೂರನೇ ಅಡ್ಡರಸ್ತೆಯ ಈ ಮನೆಯ ಹತ್ತಿರ ಒಂದು ತಿಂಗಳು ನಿಂತು ಹೋಗಿ’ ಎಂದು ಕೇಳುವುದು ಹೆಚ್ಚು ಕೆಲಸ ಮಾಡುತ್ತದೆ.

ಈಗ ಬಾಗಿಲಿಗೆ ಬರೋಣ. ನಮ್ಮ ಮನೆಗಳಲ್ಲಿ ದುಬಾರಿ ಬೀಗವನ್ನು ಹಗುರ ಚಿಲಕಕ್ಕೆ ಹಾಕಿರುತ್ತಾರೆ. ಕಳ್ಳ ಬೀಗದ ತಂಟೆಗೆ ಹೋಗುವುದೇ ಇಲ್ಲ. ಕಬ್ಬಿಣದ ಸಲಾಕೆಯನ್ನು ಚಿಲಕದ ಹಿಂದೆ ತೂರಿಸಿ ಮೀಟಿದರೆ ಅರ್ಧ ಇಂಚಿನ ಸ್ಕ್ರೂಗಳು ಮರದಿಂದ ಕಿತ್ತು ಬರುತ್ತವೆ, ಬೀಗ ಹಾಕಿದಂತೆಯೇ ಚಿಲಕದ ಸಮೇತ ನೇತಾಡುತ್ತಿರುತ್ತದೆ. ಸ್ಕ್ರೂ ತೆಗೆದು, ಬಾಗಿಲನ್ನು ತೂರಿ ಆಚೆ ಹೋಗುವ ಬೋಲ್ಟು ಹಾಕಿಸಿ, ಒಳಗಡೆ ವಾಷರ್ ಕೊಟ್ಟು ನಟ್ಟು ಬಿಗಿಸಿ. ಚೌಕಟ್ಟಿನ ಕಡೆಯ ಕೊಂಡಿಗೆ ಎರಡು ಇಂಚಿಗೆ ಕಡಿಮೆಯಿಲ್ಲದ ಸ್ಕ್ರೂ ಬೇಕು. ಹೊರಗೆ ನೇತಾಡುವ ಬೀಗಕ್ಕಿಂತ ಬಾಗಿಲ ಒಳಗೇ ಕೂರುವ ಬೀಗ ಉತ್ತಮ, ಮನೆಯಲ್ಲಿ ಜನ ಇಲ್ಲವೆಂದು ಅದು ಬೀದಿಗೆ ಸಾರುವುದಿಲ್ಲ. ಗ್ರಿಲ್ ಗೇಟಿದ್ದರೆ ಬೀಗವನ್ನು ಒಳಮುಖವಾಗಿ ಹಾಕಿ.

ಮುಂಬಾಗಿಲಿಗೆ ತೇಗ, ಹಿಂಬಾಗಿಲಿಗೆ ಪ್ಲೈವುಡ್ಡು ಮತ್ತು ಒಂದು ಟವರ್ ಬೋಲ್ಟ್. ಇದು ನಮ್ಮ ಊರುಗಳ ವಾಡಿಕೆ. ಹಿಂಬಾಗಿಲಿಗೆ ಮೇಲೊಂದು ಕೆಳಗೊಂದು ಬೋಲ್ಟು, ನಡುವೆ ಅಡ್ಡಪಟ್ಟಿ ಹಾಕಿಸಿ. ಕಿಟಕಿಯ ಗ್ರಿಲ್ಲಿನ ಸ್ಕ್ರೂ ಹೊರಗಡೆ ಇದ್ದರೆ ಸ್ಕ್ರೂಡ್ರೈವರ್ ಒಂದೇ ಸಾಕು. ಸ್ಕ್ರೂ ತಲೆಯನ್ನು ವೆಲ್ಡಿಂಗ್ ಮಾಡಿಸಿ, ಇಲ್ಲವೇ ಗ್ರಿಲ್ಲನ್ನು ಗೋಡೆಗೇ ಕೂರಿಸಿ. ಆದರೆ ಮನೆಯ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲೇಬೇಕು. ಬೆಂಕಿ ಹೊತ್ತಿಕೊಂಡರೆ ಹೊರಗೆ ಬರುವ ದಾರಿ ಅದೇ. ಅದರ ಕೀಲಿ ಕಿಟಕಿಯಿಂದ ಕೈಗೆ ಸಿಗದಷ್ಟು ದೂರದಲ್ಲಿ, ಮನೆಮಂದಿಗೆಲ್ಲ ಗೊತ್ತಿರುವ ಮೊಳೆಯಲ್ಲಿರಲಿ. ಮನೆಯ ಕೀಲಿಯನ್ನು ಹೂಕುಂಡದಡಿ, ಶೂ ರ‍್ಯಾಕಿನಲ್ಲಿ, ಮೀಟರ್ ಪೆಟ್ಟಿಗೆಯ ಮೇಲೆ ಇಡಲೇಬೇಡಿ. ಕಳ್ಳ ಮೊದಲು ಕೈಯಾಡಿಸುವ ಜಾಗಗಳು ಅವೇ.

ಹಬ್ಬಕ್ಕೆ ಊರಿಗೆ ಹೋದಾಗ ಮನೆ ಖಾಲಿಯೆಂದು ಹೇಳುವುದು ಅಂಗಳ. ಬೆಳಗ್ಗೆ ಎಂಟಾದರೂ ರಂಗೋಲಿ ಇಲ್ಲ, ಪೇಪರು ಬಿದ್ದಿದೆ, ಹಾಲಿನ ಪ್ಯಾಕೆಟ್ ತೆಗೆದಿಲ್ಲ, ಹಗಲಲ್ಲೂ ಹೊರಗಿನ ದೀಪ ಉರಿಯುತ್ತಿದೆ. ಪೇಪರು, ಹಾಲು ನಿಲ್ಲಿಸಿ. ದೀಪಕ್ಕೆ ಟೈಮರ್ ಹಾಕಿಸಿ. ಪಕ್ಕದ ಮನೆಯವರನ್ನು ಅಂಗಳ ಗುಡಿಸಿ ಎರಡು ಎಳೆ ರಂಗೋಲಿ ಹಾಕಲು ಕೇಳಿಕೊಳ್ಳಿ. ಖರ್ಚಿಲ್ಲದ ಇಷ್ಟು ಒಳ್ಳೆಯ ಕಾವಲು ಮತ್ತೊಂದಿಲ್ಲ. ಠಾಣೆಗೂ ಹೋಗುವ ದಿನ, ಬರುವ ದಿನ ತಿಳಿಸಿ. ಪ್ರವಾಸದ ಫೋಟೊಗಳನ್ನು ವಾಪಸು ಬಂದಮೇಲೆ ಹಾಕಿಕೊಳ್ಳಿ.

ಸಿಸಿಟಿವಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನರ ದುಡ್ಡು ಹೆಚ್ಚು ವ್ಯರ್ಥವಾಗುವುದು ಇಲ್ಲಿಯೇ. ಹದಿನೈದು ಅಡಿ ಎತ್ತರದ ಕ್ಯಾಮೆರಾಕ್ಕೆ ಕಾಣುವುದು ಟೋಪಿ ಮತ್ತು ನೆತ್ತಿ. ಗೇಟಿನ ಬಳಿ ಏಳೆಂಟು ಅಡಿ ಎತ್ತರದಲ್ಲಿ ಒಂದಿದ್ದರೆ ಮುಖ ಸಿಗುತ್ತದೆ. ಬೀದಿದೀಪಕ್ಕೆ ಎದುರಾಗಿದ್ದರೆ ಬಂದವನು ಬರೀ ಕಪ್ಪು ಆಕೃತಿ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿಯೆಲ್ಲ ಬಿಳಿ ಮಬ್ಬು, ಹಾಗಾಗಿ ತಿಂಗಳಿಗೊಮ್ಮೆ ಒರೆಸಬೇಕು. ರೆಕಾರ್ಡಿಂಗ್ ಪೆಟ್ಟಿಗೆಯನ್ನು ಟಿವಿ ಪಕ್ಕದಲ್ಲಿಟ್ಟರೆ ಕಳ್ಳ ಅದನ್ನೂ ಎತ್ತಿಕೊಂಡು ಹೋಗುತ್ತಾನೆ. ಗಡಿಯಾರ ಇಪ್ಪತ್ತು ನಿಮಿಷ ಹಿಂದಿದ್ದರೆ ಬೀದಿಯ ಬೇರೆ ಕ್ಯಾಮೆರಾಗಳ ಜೊತೆ ತಾಳೆ ನೋಡುವುದೇ ತಲೆನೋವು. ಲೆಕ್ಕವನ್ನೂ ನೋಡಿ: ಸೆಕೆಂಡಿಗೆ 2 ಮೆಗಾಬಿಟ್ (2 ಎಂಬಿಪಿಎಸ್) ವೇಗದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತುಂಬಿಸುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 1 ಟಿಬಿ ಹಾರ್ಡ್‌ಡಿಸ್ಕ್ ಹಾಕಿದರೆ ಹನ್ನೊಂದು ಹನ್ನೆರಡು ದಿನ. ಊರಿಗೆ ಹೋಗಿ ಹದಿನೈದು ದಿನಕ್ಕೆ ಬರುವವರಿಗೆ ಮೊದಲ ದಿನಗಳ ಚಿತ್ರವೇ ಉಳಿದಿರುವುದಿಲ್ಲ. ಕ್ಯಾಮೆರಾ ನಿಮ್ಮ ಗೇಟನ್ನೂ ರಸ್ತೆಯನ್ನೂ ನೋಡಲಿ, ಎದುರುಮನೆಯ ಕಿಟಕಿಯನ್ನಲ್ಲ.

ಸರಗಳ್ಳತನದ್ದು ಬೇರೆ ದಾರಿ. ಬೈಕಿನಲ್ಲಿ ಇಬ್ಬರು ಹಿಂದಿನಿಂದ ಬರುತ್ತಾರೆ, ಹಿಂದೆ ಕೂತವನು ಕೈ ಹಾಕುತ್ತಾನೆ. ವಾಹನಗಳಿಗೆ ಎದುರುಮುಖವಾಗಿ, ಅಂದರೆ ರಸ್ತೆಯ ಬಲಬದಿಯಲ್ಲಿ ನಡೆದರೆ ಹಿಂದಿನಿಂದ ಬರುವ ಅವಕಾಶ ತಪ್ಪುತ್ತದೆ. ವಿಳಾಸ ಕೇಳುವವರಿಗೆ ಎರಡು ಮಾರು ದೂರದಿಂದಲೇ ಉತ್ತರ ಕೊಡಿ. ಸರ ಹಿಡಿದು ಎಳೆದಾಡಬೇಡಿ, ಬಿದ್ದು ತಲೆಗೆ ಪೆಟ್ಟಾಗುತ್ತದೆ. ಬೈಕೇ ಕಳವಾಗುವುದೂ ಉಂಟು. ಅದರ ಹ್ಯಾಂಡಲ್ ಲಾಕ್ ಕಾಲಿನಿಂದ ಒದ್ದರೆ ಮುರಿಯುತ್ತದೆ, ಚಕ್ರಕ್ಕೊಂದು ಬೇರೆ ಬೀಗ ಬೇಕೇ ಬೇಕು.

ಇನ್ನು ಬೀದಿಯ ವಾಟ್ಸಾಪ್ ಗುಂಪು. ‘ಅನುಮಾನಾಸ್ಪದ ವ್ಯಕ್ತಿ ಓಡಾಡುತ್ತಿದ್ದಾನೆ’ ಎಂಬ ಸಂದೇಶದಿಂದ ಪೊಲೀಸರಿಗೆ ಏನೂ ಸಿಗುವುದಿಲ್ಲ. ಎಷ್ಟು ಗಂಟೆಗೆ, ಯಾವ ಮನೆಯ ಮುಂದೆ, ಏನು ಮಾಡಿದ, ಗಾಡಿ ಸಂಖ್ಯೆ ಏನು, ಯಾವ ಕಡೆ ಹೋದ, ಈ ಐದು ಬರೆಯಿರಿ. ವೇಷ, ಭಾಷೆ, ಮೈಬಣ್ಣ ನೋಡಿ ಬರೆಯುವುದು ಕಾವಲಲ್ಲ, ಅನ್ಯಾಯ. ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರ ವದಂತಿ ನಂಬಿದ ಗುಂಪು ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಕಣ್ಣೆದುರು ಜಾಮೀನುರಹಿತ ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಮಾಡಿದವನನ್ನು ಹಿಡಿಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ನಾಗರಿಕರಿಗೆ ಅವಕಾಶ ಕೊಡುತ್ತದೆ. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ ಹಕ್ಕು ಯಾರಿಗೂ ಇಲ್ಲ.

ಕಳವಾಗಿದ್ದರೆ ಒಳಗೆ ಏನನ್ನೂ ಮುಟ್ಟದೆ ಹೊರಬಂದು 112ಕ್ಕೆ ಕರೆ ಮಾಡಿ. ಒಡವೆಯ ಫೋಟೊ, ಬಿಲ್ಲು, ತೂಕ, ಮೊಬೈಲಿನ ಐಎಂಇಐ ಸಂಖ್ಯೆ (ಪ್ರತಿ ಮೊಬೈಲಿಗೂ ಇರುವ ಗುರುತಿನ ಸಂಖ್ಯೆ) ಮೊದಲೇ ಒಂದು ಕಡೆ ಬರೆದಿಟ್ಟಿರಬೇಕು. ಮೊಬೈಲಿನಲ್ಲಿ *#06# ಒತ್ತಿದರೆ ಆ ಸಂಖ್ಯೆ ಕಾಣುತ್ತದೆ. ಯಾವ ಠಾಣೆಯ ಸರಹದ್ದೆಂಬ ಜಗಳವಿಲ್ಲದೆ ದೂರು ದಾಖಲಿಸಿಕೊಳ್ಳಲೇಬೇಕು. ಆನ್‌ಲೈನಿನಲ್ಲಿ ಕೊಟ್ಟ ದೂರಿಗೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಿಕೊಳ್ಳದಿದ್ದರೆ ಡಿಸಿಪಿ ಅಥವಾ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ‘ಸಿಗುವುದಿಲ್ಲ, ಯಾಕೆ ಅಲೆಯಬೇಕು’ ಎಂದು ದೂರು ಕೊಡದವರ ಮನೆ ಠಾಣೆಯ ನಕ್ಷೆಯಲ್ಲಿ ಇರುವುದೇ ಇಲ್ಲ, ಆಗ ಬೀಟಿನವರು ಅಲ್ಲಿ ನಿಲ್ಲಲು ಕಾರಣವೂ ಇರುವುದಿಲ್ಲ.

ನೆರೆಹೊರೆ ಕಾವಲು ಸಂಘಗಳು ಎಲ್ಲೆಡೆ ಸುಲಭವಾಗಿ ಬೇರೂರುವುದು ಸ್ವಂತ ಮನೆಗಳಿರುವ, ಮೊದಲೇ ಶಾಂತವಾಗಿರುವ ಬಡಾವಣೆಗಳಲ್ಲಿ. ಬಾಡಿಗೆಯವರು ವರ್ಷಕ್ಕೊಮ್ಮೆ ಬದಲಾಗುವ ವಠಾರ, ಪಿಜಿ ಸಾಲುಗಳಿಗೆ ಸಂಘವೂ ಇಲ್ಲ, ಗೇಟ್ ಕಾಯುವವರೂ ಇಲ್ಲ. ಬೇಸಿಗೆಯ ಸೆಕೆಗೆ ಬಾಗಿಲು ತೆರೆದು ಮಲಗುವ ಅಲ್ಲಿ ಮೊಬೈಲು, ಗ್ಯಾಸ್ ಸಿಲಿಂಡರ್, ಚೀಟಿಗೆ ಕಟ್ಟಲು ಇಟ್ಟ ದುಡ್ಡು ಹೋಗುತ್ತದೆ. ಸಂಘಗಳು ಕ್ಯಾಮೆರಾಕ್ಕೆ ಎತ್ತುವ ಚಂದಾದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಬೇಕು. ಬಡಾವಣೆಯಲ್ಲಿ ಯಾರ ಮನೆಗೆ ಕನ್ನ ಬಿದ್ದರೂ, ಅವರು ಬಾಡಿಗೆಯವರಾದರೂ, ಮಾರನೆಯ ದಿನವೇ ಬಡಗಿ ಹೋಗಿ ಚಿಲಕ ಕೂರಿಸಿ ಬರಬೇಕು. ಮಾಲೀಕರ ಒಪ್ಪಿಗೆ ಕೇಳುವ ಕೆಲಸ ಸಂಘದ ಕಾರ್ಯದರ್ಶಿಯದಾಗಲಿ. ಸುತ್ತಲಿನ ಐದಾರು ಮನೆಯವರ ಫೋನ್ ನಂಬರು ಅಂದು ಸಂಜೆಯೊಳಗೆ ಆ ಮನೆಯವರ ಕೈಯಲ್ಲಿರಲಿ.