ಸವೆದ ಹೆಬ್ಬೆಟ್ಟಿಗೂ ಅಕ್ಕಿ ಸಿಗಬೇಕು

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವಳಿದ್ದಾಗ ಕೊಡಗಿನ ನಮ್ಮ ಕಾಫಿ ತೋಟದಲ್ಲಿ ಬಟವಾಡೆಯ ದಿನ ಮೇಜಿನ ಮೇಲೆ ಒಂದು ನೇರಳೆ ಬಣ್ಣದ ಇಂಕ್ ಪ್ಯಾಡ್ ಇರುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ತೆರೆದು ಕೂರುತ್ತಿದ್ದರು. ಲೈನ್ ಮನೆಯವರು, ಅಂದರೆ ತೋಟದ ಸಾಲು ಮನೆಗಳಲ್ಲಿರುವ ಕೆಲಸದವರು, ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿ, ಹಣ ಎಣಿಸಿಕೊಂಡು, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಿದ್ದರು. ಆಮೇಲೆ ಸಾಕ್ಷರತಾ ಆಂದೋಲನ ಬಂತು. ಸಂಜೆ ಹೊತ್ತು ಸ್ಲೇಟು ಬಳಪ ಹಿಡಿದು ನಾನೂ ಕೆಲವರಿಗೆ ಹೆಸರು ಬರೆಯುವುದು ಕಲಿಸಿದ್ದೇನೆ. ಅವರಲ್ಲಿ ಯರವ ಬುಡಕಟ್ಟಿನ ಒಬ್ಬ ಹೆಂಗಸು ಇದ್ದರು. ಮೂರು ವಾರ ಕಷ್ಟಪಟ್ಟು ತಮ್ಮ ಹೆಸರಿನ ಮೂರು ಅಕ್ಷರ ಕಲಿತರು. ಮುಂದಿನ ಬಟವಾಡೆಗೆ ಇಂಕ್ ಪ್ಯಾಡನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದರು. ಆ ದಿನದ ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಅವರು ಅಜ್ಜಿ. ಕೈ ಇನ್ನೂ ಚುರುಕು. ಕಾಫಿ ಕೊಯ್ಲಿನಲ್ಲಿ ಚೀಲ ತುಂಬಿಸುವುದರಲ್ಲಿ ಹರೆಯದವರಿಗೆ ಏನೂ ಕಡಿಮೆ ಇಲ್ಲ. ಒಂದು ಜನವರಿಯಲ್ಲಿ, ಕೊಯ್ಲು ಜೋರಾಗಿದ್ದಾಗ, ರೇಷನ್ ತರಲು ರಜೆ ಬೇಕು ಅಂದರು. ಹೋದರು, ಖಾಲಿ ಚೀಲ ಹಿಡಿದು ಬಂದರು. ಮಾರನೇ ದಿನ ಮತ್ತೆ ಹೋದರು, ಮತ್ತೆ ಖಾಲಿ ಚೀಲ. ಮೂರನೇ ದಿನ ನಾನೇ ಜೊತೆಗೆ ಹೋದೆ.

ರೇಷನ್ ಅಂಗಡಿಯ ಬೆರಳಚ್ಚು ಮಿಷನ್ ಮೇಲೆ ಅವರು ಹೆಬ್ಬೆರಳಿಟ್ಟರು. ಕೆಂಪು ಬೆಳಕು ಬಂತು. ಅಂಗಡಿಯವರು ಬಟ್ಟೆ ಕೊಟ್ಟು ಒರೆಸಿ ಅಂದರು. ಒರೆಸಿ ಇಟ್ಟರು, ಆಗಲಿಲ್ಲ. ತೋರುಬೆರಳು ಇಟ್ಟರು, ಅದೂ ಆಗಲಿಲ್ಲ. ತಲೆಗೆ ಹಚ್ಚಿದ್ದ ಎಣ್ಣೆಯನ್ನೇ ಬೆರಳಿಗೆ ತೀಡಿ ಇಟ್ಟರು. ಹತ್ತೂ ಬೆರಳು ಮುಗಿಯಿತು. ಒಟಿಪಿ ಕಳಿಸೋಣ ಅಂದರೆ, ಆಧಾರಿಗೆ ಕೊಟ್ಟ ನಂಬರಿನ ಸಿಮ್ ಯಾವತ್ತೋ ಬಂದ್ ಆಗಿದೆ. ಅಂಗಡಿಯವರು ಕೆಟ್ಟವರಲ್ಲ. 'ಅಜ್ಜಿ, ನೀವು ಯಾರು ಅಂತ ನನಗೆ ಗೊತ್ತಿಲ್ವಾ? ಮಿಷನ್ ಒಪ್ಪದೆ ನಾನು ಹೇಗೆ ಕೊಡಲಿ?' ಅಂದರು. ಮೂವತ್ತು ವರ್ಷದಿಂದ ಮುಖ ನೋಡಿ ಬಲ್ಲವರು ಅವರು. ಆದರೂ ಕೈ ಕಟ್ಟಿ ನಿಂತಿದ್ದರು. ಅಜ್ಜಿ ನನ್ನ ಕಡೆ ತಿರುಗಿ, 'ಸಹಿ ಹಾಕ್ತೇನೆ ಅಂತ ಹೇಳಿ ಅಮ್ಮಾ' ಅಂದರು.

ಇವತ್ತು ನಾನು ಇಲ್ಲಿ ಮಾತಾಡಲು ಕೂತಿರುವುದು ಆ ಒಂದು ಮಾತಿಗಾಗಿ.

ಮಿಷನ್ ಬೆರಳನ್ನು ಏಕೆ ಓದುವುದಿಲ್ಲ ಅನ್ನುವುದನ್ನು ಮೊದಲು ನೋಡೋಣ. ನಮ್ಮ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಏರುಗೆರೆಗಳಿವೆ. ಒಂದು ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡಾಗಿ ಕವಲೊಡೆಯುತ್ತದೆ, ಅದನ್ನು ಮಿಷನ್ ಗುರುತಿಸಿ ಅಂಕಿಗಳಾಗಿ ಮಾಡಿಕೊಳ್ಳುತ್ತದೆ. ಈಗ ನಮ್ಮ ಕೆಲಸ ನೋಡಿ. ನವೆಂಬರಿನಿಂದ ಕಾಫಿ ಹಣ್ಣು ಕೀಳಬೇಕು. ಹಣ್ಣಿನ ಅಂಟು ಕೈಗೆ ಹತ್ತಿ ಕಪ್ಪಾಗಿ ಕೂರುತ್ತದೆ. ಅದು ಮುಗಿಯುವಷ್ಟರಲ್ಲಿ ಕರಿಮೆಣಸು. ಆಮೇಲೆ ಕಳೆ ಕೀಳುವುದು, ಕತ್ತಿ ಹಿಡಿದು ಕಾಡು ಕಡಿಯುವುದು. ಮಳೆಗೆ ಮುಂಚೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಸುಣ್ಣ ಚರ್ಮವನ್ನು ತಿನ್ನುತ್ತದೆ. ಗೆರೆಗಳು ಸವೆಯುತ್ತವೆ, ಒಡೆಯುತ್ತವೆ. ಕೆಲಸ ಬಿಟ್ಟು ಕೆಲವು ವಾರ ಸುಮ್ನೆ ಕೂತರೆ ಹೊಸ ಚರ್ಮ ಬಂದು ಗೆರೆ ಮತ್ತೆ ಮೂಡಬಹುದು. ಯಾರು ಕೂರುತ್ತಾರೆ? ಮೇಲಿಂದ ವಯಸ್ಸು. ವಯಸ್ಸಾದ ಹಾಗೆ ಚರ್ಮ ಒಣಗಿ ತೆಳುವಾಗುತ್ತದೆ. ಜಾಸ್ತಿ ದುಡಿದ ಕೈಯನ್ನೇ ಮಿಷನ್ ಮೊದಲು ಬೇಡ ಅನ್ನುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮಿಷನ್ 'ಇವರು ಅವರೇ' ಎಂದು ಖಚಿತವಾಗಿ ತಿಳಿದು ಹೇಳುವುದಿಲ್ಲ. ಆಧಾರ್ ಮಾಡಿಸುವಾಗ ಕೊಟ್ಟ ಅಚ್ಚು, ಈಗ ಒತ್ತಿದ ಅಚ್ಚು, ಎರಡೂ ಎಷ್ಟು ಹೋಲುತ್ತವೆ ಎಂದು ಅಂಕ ಕೊಡುತ್ತದೆ, ಅಷ್ಟೇ. ಎಷ್ಟು ಅಂಕ ಬಂದರೆ ಪಾಸು ಎನ್ನುವುದನ್ನು ಮನುಷ್ಯರು ಮೊದಲೇ ನಿಗದಿ ಮಾಡಿರುತ್ತಾರೆ. ಪಾಸಿನ ಅಂಕ ಮೇಲಿಟ್ಟರೆ ಮೋಸಗಾರ ನುಸುಳುವುದು ಕಷ್ಟ, ಆದರೆ ನಿಜವಾದವರೂ ಹೊರಗುಳಿಯುತ್ತಾರೆ. ಕೆಳಗಿಟ್ಟರೆ ಉಲ್ಟಾ. ಅಂದರೆ ಅಜ್ಜಿಗೆ ಬಂದ ಕೆಂಪು ಬೆಳಕು ಒಂದು ಅಂದಾಜು. ಆ ಅಂದಾಜು ತೀರ್ಪಾಗಿ ಬಿಟ್ಟಿದೆ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಆಧಾರ್ ತೀರ್ಪು ಕೊಟ್ಟಾಗ, ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರಿ ಸವಲತ್ತಿಗೆ ಆಧಾರ್ ಕೇಳಬಹುದು ಎಂದರು. ಒಪ್ಪದೆ ಬೇರೆ ತೀರ್ಪು ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಮನುಷ್ಯನ ಘನತೆ ಮತ್ತು ಹಕ್ಕು ಅಲ್ಗಾರಿದಮ್‌ಗಳ, ಅಂದರೆ ಕಂಪ್ಯೂಟರಿನ ಲೆಕ್ಕಾಚಾರಗಳ ಮೇಲೆ, ಸಂಭವನೀಯತೆಯ ಮೇಲೆ ನಿಲ್ಲಬಾರದು ಎಂದು ಅವರು ಬರೆದರು. ನಾನು ಆ ಮಾತಿನ ಪಕ್ಷ.

ಈ ಹೋರಾಟ ಹುಟ್ಟಿದ್ದು ನಮ್ಮ ರಾಜ್ಯದವರಿಂದಲೇ. ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2024ರಲ್ಲಿ ಅವರು ತೀರಿಕೊಂಡರು. ಶಾಲೆಯ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಗದ ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ. 2017ರ ಅಕ್ಟೋಬರ್ 24ರಂದು ಆಧಾರ್ ಪ್ರಾಧಿಕಾರವೇ ಒಂದು ಸುತ್ತೋಲೆ ಹೊರಡಿಸಿದೆ. ಬೆರಳಚ್ಚು ಕೂಡದಿದ್ದರೆ ರೇಷನ್ ನಿರಾಕರಿಸುವ ಹಾಗಿಲ್ಲ ಎಂದು ಅದರಲ್ಲಿದೆ. ಮನೆಯ ಬೇರೆ ಸದಸ್ಯರ ಬೆರಳು ನೋಡಿ, ಕಣ್ಣಿನ ಪಾಪೆ ನೋಡಿ, ಒಟಿಪಿ ನೋಡಿ. ಯಾವುದೂ ಆಗದಿದ್ದರೆ ಆಧಾರ್ ಕಾರ್ಡ್ ನೋಡಿ, ಒಂದು ಪುಸ್ತಕದಲ್ಲಿ ದಾಖಲಿಸಿ ರೇಷನ್ ಕೊಡಿ, ಆ ಪುಸ್ತಕವನ್ನು ಇಲಾಖೆ ಆಗಾಗ ತಪಾಸಣೆ ಮಾಡಲಿ ಎಂದಿದೆ. ಅಂದರೆ ದಾರಿ ಇದೆ. ಅಜ್ಜಿ ಮೂರು ದಿನದ ಕೂಲಿ ಕಳೆದುಕೊಂಡದ್ದು ದಾರಿ ಇಲ್ಲ ಅಂತ ಅಲ್ಲ. ಆ ದಾರಿಯನ್ನು ಅಂಗಡಿಯವರಿಗೆ ಯಾರೂ ಹೇಳಿಲ್ಲ, ಅಜ್ಜಿಗೂ ಹೇಳಿಲ್ಲ. ನನಗೂ ಗೊತ್ತಿರಲಿಲ್ಲ. ಕೊನೆಗೆ ಮೈಸೂರಿನಲ್ಲಿ ಕೆಲಸಕ್ಕಿದ್ದ ಮೊಮ್ಮಗ ರಜೆ ಹಾಕಿ ಬಂದು ಬೆರಳು ಕೊಟ್ಟ ಮೇಲೆ ಅಕ್ಕಿ ಮನೆಗೆ ಬಂತು. ರೇಷನ್ 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಯಾರೋ ದಯೆ ತೋರಿಸಿ ಕೊಡುವ ದಾನ ಅಲ್ಲ ಅದು. ಹಕ್ಕಿನ ಅಕ್ಕಿ ತರಲು ಒಬ್ಬ ಹುಡುಗ ಮೈಸೂರಿಂದ ಬರಬೇಕಾಯಿತು.

2025ರ ಏಪ್ರಿಲ್ 30ರಂದು ಬಂದ ಒಂದು ಸುದ್ದಿ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಆಸಿಡ್ ದಾಳಿಗೆ ತುತ್ತಾದವರು, ಕಣ್ಣು ಕಾಣದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಇಕೆವೈಸಿ, ಅಂದರೆ ಮೊಬೈಲಿನಲ್ಲೇ ಗುರುತಿನ ಪರಿಶೀಲನೆ, ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಆ್ಯಪ್ ಹೇಳುತ್ತದೆ. ಆಸಿಡ್‌ನಿಂದ ರೆಪ್ಪೆಯೇ ಸುಟ್ಟುಹೋದವರು ಏನನ್ನು ಮಿಟುಕಿಸಬೇಕು? ನ್ಯಾಯಮೂರ್ತಿ ಪಾರ್ದೀವಾಲಾ ಮತ್ತು ನ್ಯಾಯಮೂರ್ತಿ ಮಹದೇವನ್ ಅವರ ಪೀಠ 20 ನಿರ್ದೇಶನ ಕೊಟ್ಟಿತು. ಕಣ್ಣು ಮಿಟುಕಿಸದೆಯೂ ಗುರುತು ತೋರಿಸುವ ದಾರಿ ಇರಬೇಕು, ಕಾಗದದ ಕೆವೈಸಿಯೂ ಇರಬೇಕು ಎಂದಿತು. ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದಿತು. ಆ ತೀರ್ಪು ಅಂಗವಿಕಲರ ಬಗ್ಗೆ ಬಂದದ್ದು, ನಿಜ. ಆದರೆ ಸುಟ್ಟ ರೆಪ್ಪೆಗೆ ಸಿಕ್ಕ ನ್ಯಾಯ ಸವೆದ ಬೆರಳಿಗೂ ಸಿಗಬೇಕಲ್ವಾ?

ಆದರೆ ಅದೇ ವರ್ಷ ಜುಲೈ 1ರಿಂದ ಅಂಗನವಾಡಿಯಲ್ಲಿ ಗರ್ಭಿಣಿಯರು, ಬಾಣಂತಿಯರು ಮನೆಗೆ ಒಯ್ಯುವ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ತೋರಿಸುವುದು ಕಡ್ಡಾಯವಾಯಿತು. ಜುಲೈ! ಕೊಡಗಿನ ಜುಲೈ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾ? ಮರ ಬೀಳುತ್ತದೆ, ಕಂಬ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದರೆ ಮೊಬೈಲ್ ಸುಮ್ನೆ ಒಂದು ಟಾರ್ಚು. ಅದೂ ಚಾರ್ಜ್ ಇದ್ದರೆ. ಸೋಮವಾರಪೇಟೆ ಕಡೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಅಟ್ಟಣಿಗೆ ಕಟ್ಟಿ ಕೂತು ಮಕ್ಕಳಿಗೆ ಪಾಠ ಮಾಡಿದ್ದು ಕೊರೋನಾ ಕಾಲದಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಎಲ್ಲರೂ ಮೆಚ್ಚಿದೆವು. ಬಾಣಂತಿಯನ್ನು ಅಟ್ಟಣಿಗೆ ಹತ್ತಿಸಲು ಆಗುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಊಟಕ್ಕೂ ತಾಯಿಗೂ ನಡುವೆ ಒಂದು ಕ್ಯಾಮೆರಾ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ.

ನಕಲಿ ಕಾರ್ಡುಗಳಿದ್ದವು, ರೇಷನ್ ಕಾಳಸಂತೆಗೆ ಹೋಗುತ್ತಿತ್ತು, ಅದನ್ನು ನಿಲ್ಲಿಸಲು ಇದು ಬೇಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ನಿಜ ಇದೆ. ಅಂಥ ಕಳ್ಳತನವನ್ನು ನಾನೂ ನೋಡಿದ್ದೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಮನೆಯ ಜೊತೆ ಬೀರು, ಬೀರುವಿನ ಜೊತೆ ಕಾಗದಪತ್ರ ಎಲ್ಲ ಮಣ್ಣಾಯಿತು. ಉಟ್ಟ ಬಟ್ಟೆಯಲ್ಲಿ ಬಂದವರಿಗೆ, ಕಂಪ್ಯೂಟರಿನಲ್ಲಿ ದಾಖಲೆ ಉಳಿದಿರುವುದು ಎಷ್ಟು ದೊಡ್ಡ ಆಸರೆ ಅಂತ ನನಗೆ ಗೊತ್ತು. ಮಿಷನ್ ಇರಲಿ. ಆದರೆ ಅದು ಇಲ್ಲ ಅಂದಾಗ, ಹೌದು ಅನ್ನುವ ಅಧಿಕಾರ ಒಬ್ಬ ಮನುಷ್ಯನ ಕೈಯಲ್ಲಿರಬೇಕು. ನನ್ನ ಬೇಡಿಕೆ ಅಷ್ಟೇ.

ಕಳ್ಳತನದ ಮಾತು ಬಂದ ಮೇಲೆ ಇದನ್ನೂ ಹೇಳಬೇಕು. ಅಜ್ಜಿಯ ಅಸಲಿ ಬೆರಳನ್ನು ಒಪ್ಪದ ಈ ವ್ಯವಸ್ಥೆ ನಕಲಿ ಬೆರಳನ್ನು ಒಪ್ಪಿದ್ದುಂಟು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು, ಈ ಮೂರಿದ್ದರೆ ಹಳ್ಳಿಯ ಬ್ಯಾಂಕ್ ಏಜೆಂಟರ ಹತ್ತಿರ ಹಣ ತೆಗೆಯಬಹುದು. ಒಟಿಪಿ ಬೇಕಿಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಹಲವರ ಖಾತೆಯಿಂದ ಹೀಗೆ ಹಣ ಹೋಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿದ್ದಾರೆ ಎನ್ನುವುದು ತನಿಖೆಯಲ್ಲಿ ಬಂತು. ಆ ನೋಂದಣಿ ತಂತ್ರಾಂಶದ ಹೆಸರು ಕಾವೇರಿ. ನಮ್ಮ ತಲಕಾವೇರಿಯಲ್ಲಿ ಹುಟ್ಟುವ ತಾಯಿಯ ಹೆಸರು. ಓದಿದಾಗ ಮನಸ್ಸಿಗೆ ಬೇಜಾರಾಯಿತು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಬೆರಳನ್ನು ಹೇಗೆ ಬದಲಾಯಿಸುವುದು? ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂದು ಒಂದು ಸೌಲಭ್ಯ ಇದೆ. ಬೇಡದಾಗ ಹಾಕಿಡಿ, ಬೇಕಾದಾಗ ತೆರೆಯಿರಿ. ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ.

ಹೊಸ ಡೇಟಾ ರಕ್ಷಣೆ ಕಾಯ್ದೆ 2023ರಲ್ಲಿ ಬಂದು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ನಿಮ್ಮ ಮಾಹಿತಿಯನ್ನು ಏಕೆ ತಗೊಳ್ಳುತ್ತೇವೆ ಎನ್ನುವ ಸೂಚನೆಯನ್ನು ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು ಎಂದು ಅದರಲ್ಲಿದೆ. ಆ ಭಾಗ ಜಾರಿಗೆ ಬಂದ ಮೇಲೆ ಕನ್ನಡದಲ್ಲಿ ಕೇಳಿ, ಅದು ನಿಮ್ಮ ಹಕ್ಕು. ಕೊಡವ ಭಾಷೆ ಆ ಪಟ್ಟಿಯಲ್ಲಿ ಇಲ್ಲ, ಯರವರ ಮಾತು, ಜೇನುಕುರುಬರ ಮಾತು ಇಲ್ಲವೇ ಇಲ್ಲ. ಇನ್ನು ಸವಲತ್ತು ಕೊಡಲು ಸರ್ಕಾರ ಮಾಹಿತಿ ಬಳಸುವಾಗ ಬಹಳಷ್ಟು ಕಡೆ ನಮ್ಮ ಒಪ್ಪಿಗೆಯನ್ನೇ ಕೇಳಬೇಕಾಗಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ಅಜ್ಜಿಯಂಥವರಿಗೆ ಅದರಿಂದ ಸಿಗುವ ಕಾವಲು ಕಡಿಮೆ.

ನಾನು ಆಧಾರ್ ಪ್ರಾಧಿಕಾರದ ಆ 2017ರ ಸುತ್ತೋಲೆಯ ತಾರೀಕನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ನಮ್ಮ ಲೈನ್ ಮನೆಗಳ ಪ್ರತಿ ಬಾಗಿಲಿಗೂ ಒಂದೊಂದು ಕೊಟ್ಟಿದ್ದೇನೆ. ಅಂಗಡಿಯವರಿಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಪುಸ್ತಕ ಇಡಲು ಮೇಲಿನಿಂದ ಆದೇಶ ಬರಲಿ ಅಂದರು. ಅದಕ್ಕೆ ತಾಲ್ಲೂಕು ಕಚೇರಿಗೆ ಅರ್ಜಿ ಬರೆದಿದ್ದೇವೆ. ಅರ್ಜಿಯ ಕೆಳಗೆ ಹನ್ನೊಂದು ಜನರ ಹೆಸರಿದೆ. ಮೊದಲನೆಯದು ಅಜ್ಜಿಯದು, ಮೂರು ಅಕ್ಷರ, ಅವರೇ ಬರೆದದ್ದು.

ನಮಸ್ಕಾರ.