ಪ್ಲಗ್ಗಿಗೆ ಮಸಿ ಹಿಡಿದಾಗ

ಕೇಳುಗರಿಗೆ ನಮಸ್ಕಾರ.

ಹಳೆಯ ಅಂಬಾಸಿಡರ್ ಇಟ್ಟುಕೊಂಡವರಲ್ಲಿ ಬಹಳ ಮಂದಿಗೆ ಒಂದು ಅಭ್ಯಾಸ. ಗಾಡಿ ಮಿಸ್ ಹೊಡೆಯತೊಡಗಿದರೆ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚುತ್ತಾರೆ, ಎಮರಿ ಕಾಗದದಲ್ಲಿ ಉಜ್ಜುತ್ತಾರೆ, ಮತ್ತೆ ಕೂರಿಸುತ್ತಾರೆ. ಎರಡು ವಾರಕ್ಕೆ ಅದೇ ಕಥೆ. ಉಜ್ಜುವ ಆತುರದಲ್ಲಿ ಕಾಯಿಲೆಯ ಗುರುತೇ ಅಳಿಸಿಹೋಗುತ್ತದೆ. ಇವತ್ತು ಹೇಳಹೊರಟಿರುವುದು ಒರೆಸುವ ಮೊದಲು ನೋಡುವ ಕೆಲಸದ ಬಗ್ಗೆ, 1489 ಸಿ.ಸಿ. ಪೆಟ್ರೋಲ್ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್.ಯು. ಕಂಪನಿಯ ಕಾರ್ಬ್ಯುರೇಟರ್ ಇರುವ ಗಾಡಿಯನ್ನು ಲೆಕ್ಕಕ್ಕೆ ಇಟ್ಟುಕೊಂಡು.

ಮನೆ ಮುಂದೆ ಐಡಲಿನಲ್ಲಿ ಗೊರಗುಟ್ಟುತ್ತ ನಿಂತ ಗಾಡಿಯ ಪ್ಲಗ್ಗು ಸಾಮಾನ್ಯವಾಗಿ ಕಪ್ಪೇ ಇರುತ್ತದೆ. ಅದನ್ನು ನೋಡಿ ಪ್ರಯೋಜನವಿಲ್ಲ. ಹತ್ತು ಕಿಲೋಮೀಟರ್ ಓಡಿಸಿ. ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿ, ಇಗ್ನಿಷನ್ ಆರಿಸಿ, ಉರುಳುತ್ತ ಬದಿಗೆ ನಿಲ್ಲಿಸಿ. ಕೀಲಿಯನ್ನು ಮಾತ್ರ ಹೊರಗೆ ಎಳೆಯಬೇಡಿ. ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಸುತ್ತಲಿನ ಧೂಳು ಊದಿ, 21 ಮಿಲಿಮೀಟರ್ ಪ್ಲಗ್ ಸ್ಪ್ಯಾನರಿನಿಂದ ನಾಲ್ಕನ್ನೂ ಬಿಚ್ಚಿ. ರೇಡಿಯೇಟರ್ ಕಡೆಯದು ಒಂದನೆಯದು. ಅದೇ ಸಾಲಿನಲ್ಲಿ ಕಾಗದದ ಮೇಲೆ ಇಡಿ.

ಪ್ಲಗ್ಗಿನ ತುದಿಯ ಪಿಂಗಾಣಿಗೆ ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ ಈ ಬಣ್ಣ ಇನ್ನೂ ತಿಳಿಯಾಗಿದೆ, ಹೆದರಬೇಕಿಲ್ಲ. ಪಿಂಗಾಣಿ ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಮಾತ್ರ ಬೇರೆ ಮಾತು. ಅದು ಪೆಟ್ರೋಲ್ ಸಾಲದ್ದರ, ಬಿಸಿ ಏರಿದ್ದರ ಗುರುತು.

ಮಸಿ ಎಂದರೆ ಇಂಗಾಲ, ಅದರಲ್ಲಿ ಕರೆಂಟು ಹರಿಯುತ್ತದೆ. ಪಿಂಗಾಣಿಯ ಮೇಲೆ ಅದು ಕೂತರೆ ಇಗ್ನಿಷನ್ ಕಾಯಿಲಿನ ಕರೆಂಟು ಪ್ಲಗ್ಗಿನ ತುದಿಯ ಗ್ಯಾಪ್ ಹಾರದೆ ಮಸಿಯ ಮೇಲೇ ಜಾರಿ ಎಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ತೂತು ಬಿಂದಿಗೆ ತುಂಬಿದ ಹಾಗೆ, ಒತ್ತಡ ಏರುವುದೇ ಇಲ್ಲ. ಪಿಂಗಾಣಿಯ ತುದಿ ಸುಮಾರು 450 ಡಿಗ್ರಿ ದಾಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಮಾರ್ಕೆಟ್ಟಿಗೆ ಹೋಗಿಬಂದು ನಿಲ್ಲುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು?

ನಾಲ್ಕೂ ಪ್ಲಗ್ಗು ಒಣಗಿದ ಕಾಡಿಗೆಯಂತೆ ಕಪ್ಪಾಗಿದ್ದರೆ ಎಂಜಿನ್ ಬಿಚ್ಚುವ ಮಾತೇ ಬೇಡ. ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಚೋಕ್: ಎಸ್.ಯು.ನಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಬಿಡುವ ಜೆಟ್ ಕೆಳಗಿಳಿದು ಪೆಟ್ರೋಲ್ ಹೆಚ್ಚುತ್ತದೆ. ಗುಂಡಿ ಪೂರ್ತಿ ಒತ್ತಿದರೂ ಜೆಟ್ ಮೇಲೇರಿ ತನ್ನ ನಟ್ಟಿಗೆ ತಾಗದಿದ್ದರೆ ಅಲ್ಲೇ ಕಳ್ಳ ಸಿಕ್ಕ. ತುಕ್ಕು ಹಿಡಿದ ಕೇಬಲ್ಲೇ ಹೆಚ್ಚಾಗಿ ಕಾರಣ. ಎಂಜಿನ್ ಬಿಸಿಯಾಗಿ ಐಡಲಿನಲ್ಲಿರುವಾಗ ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಒಂದೇ ಒಂದು ಮಿಲಿಮೀಟರ್ ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಕುಸಿದರೆ ಕಮ್ಮಿ. ಕ್ಷಣ ಏರಿ ಇಳಿದರೆ ಸರಿ. ಜಾಸ್ತಿಯಿದ್ದರೆ ಜೆಟ್ಟಿನ ನಟ್ಟನ್ನು ಒಂದು ಮುಖದಷ್ಟು ಮಾತ್ರ ಮೇಲಕ್ಕೆ ತಿರುಗಿಸಿ, ಮತ್ತೆ ಪರೀಕ್ಷಿಸಿ. ಫ್ಲೋಟ್ ಚೇಂಬರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ನೀಡಲ್ ವಾಲ್ವ್ ಬದಲಿಸದೆ ಈ ಹೊಂದಾಣಿಕೆಗೆ ಕೈಹಾಕಬೇಡಿ.

ಮಿಶ್ರಣ ಸರಿಯಿದ್ದೂ ಕಪ್ಪಾದರೆ ಕಿಡಿ ಸಾಲದು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇದೆಯೇ, ಕಂಡೆನ್ಸರ್ ಬಿಗಿಯಾಗಿದೆಯೇ ನೋಡಿ.

ಒಂದೇ ಪ್ಲಗ್ಗು ಕೆಟ್ಟಿದ್ದರೆ ಅದನ್ನು ಪಕ್ಕದ ಸಿಲಿಂಡರಿಗೆ ಹಾಕಿ ಓಡಿಸಿ. ಕಾಯಿಲೆ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ಗಿನದು, ಹಳೆಯ ಜಾಗದಲ್ಲೇ ಉಳಿದರೆ ಸಿಲಿಂಡರಿನದು ಅಥವಾ ಅದರ ವೈರಿನದು. ಒದ್ದೆಯಾಗಿ ಆಯಿಲ್ ಹೊಳೆಯುತ್ತಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನ ಒತ್ತಡ, ನೋಡಬೇಕು: ನಾಲ್ಕೂ ಪ್ಲಗ್ ಹೊರಗೆ, ಕಾಯಿಲ್ ವೈರ್ ಕಳಚಿ, ಪ್ಲಗ್ಗಿನ ತೂತಿಗೆ ಗೇಜ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿ. ಸಿಲಿಂಡರಿನೊಳಗೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಕಂಪ್ರೆಷನ್ ಚೆನ್ನಾಗಿದ್ದು, ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಗೈಡಿನ ಕಡೆ ನೋಡಿ. ಬಹಳ ಸಲ ವಾಲ್ವ್ ಕಾಂಡದ ಸಣ್ಣ ರಬ್ಬರ್ ಉಂಗುರ ಗಟ್ಟಿಯಾಗಿರುತ್ತದೆ, ಅಷ್ಟೇ. ಅದಕ್ಕೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಲು ಹೊರಡಬೇಡಿ.

ಆಯಿಲ್ ತಿನ್ನುವ ಎಂಜಿನ್ನಿಗೆ ‘ಬಿಸಿ’ ಪ್ಲಗ್, ಅಂದರೆ ತುದಿಯ ಬಿಸಿ ಹೆಚ್ಚು ಉಳಿಸಿಕೊಳ್ಳುವ ಪ್ಲಗ್, ಹಾಕುವುದುಂಟು. ತಾತ್ಕಾಲಿಕಕ್ಕೆ ಸರಿ. ಆದರೆ ನಂಬರಿನಲ್ಲಿ ಮೋಸ ಹೋಗಬೇಡಿ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ಗು ತಣ್ಣಗೆ. ಚಾಂಪಿಯನ್ನಿನಲ್ಲಿ ಏರಿದಷ್ಟೂ ಬಿಸಿ. ಬಾಷ್‌ನ ಹಳೆಯ ಅಂಕಿಗಳು ಒಂದು ದಿಕ್ಕಿಗಾದರೆ ಹೊಸವು ತದ್ವಿರುದ್ಧ. ಗುಜರಿಯಲ್ಲಿ ಸಿಕ್ಕ ಹಳೆಯ ಮೈಕೋ (ಬಾಷ್‌ನ ಭಾರತದ ಕಂಪನಿಯ ಹಳೆಯ ಹೆಸರು) ಡಬ್ಬಿ ಕೊಳ್ಳುವಾಗ ಇದು ನೆನಪಿರಲಿ.

ಈಗ ಒರೆಸಬಹುದು. ಪೆಟ್ರೋಲ್ ಮತ್ತು ಹಿತ್ತಾಳೆ ಬ್ರಷ್ ಸಾಕು. ಉಕ್ಕಿನ ಬ್ರಷ್ ಪಿಂಗಾಣಿಯ ಮೇಲೆ ಲೋಹದ ಗೆರೆ ಬಿಡುತ್ತದೆ, ಮಸಿಗಿಂತ ಅದು ಕೆಟ್ಟದ್ದು. ಗ್ಯಾಸ್ ಒಲೆಯಲ್ಲಿ ಸುಟ್ಟರೆ ಪಿಂಗಾಣಿ ಬಿರುಕು ಬಿಡಬಹುದು. ಗ್ಯಾಪ್ 0.63 ಮಿಲಿಮೀಟರ್; ಬಾಗಿಸುವುದು ಪಕ್ಕದ ಕೊಕ್ಕೆಯನ್ನು ಮಾತ್ರ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ವಾಷರ್ ಹೊಸದಾದರೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿನೊಳಗೆ. ಹಳೆಯದಾದರೆ ಗಡಿಯಾರದ ಒಂದು ಗಂಟೆಯಷ್ಟು. ವೈರುಗಳು 1, 3, 4, 2ರ ಕ್ರಮಕ್ಕೆ ಕೂತಿವೆಯೇ ನೋಡಿ ಸ್ಟಾರ್ಟ್ ಮಾಡಿ. 500 ಕಿಲೋಮೀಟರ್ ಓಡಿದ ಮೇಲೆ, ಮೊದಲು ಕೆಟ್ಟಿದ್ದ ಸಿಲಿಂಡರಿನದನ್ನೊಂದೇ ಬಿಚ್ಚಿ ನೋಡಿದರೆ ಸಾಕು.

ನಮಸ್ಕಾರ.