120 ಹರ್ಟ್ಜ್ ಟ್ಯಾಬ್ ನಿಮಗೆ ಬೇಕಾ?

ಈ ವಿಡಿಯೋದಲ್ಲಿ ಒಂದು ತಮಾಷೆ ಇದೆ. ನಾನು ತೋರಿಸಬೇಕು ಅಂದುಕೊಂಡಿರುವುದನ್ನು ಈ ವಿಡಿಯೋದಲ್ಲಿ ನೇರವಾಗಿ ತೋರಿಸೋಕೆ ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ವಿಡಿಯೋ ಓಡುವುದು ಹೆಚ್ಚೆಂದರೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ. ಮೇಜಿನ ಮೇಲೆ ಎರಡು ಟ್ಯಾಬ್ ಕಾಣುತ್ತಿವೆಯಲ್ಲ, ಎಡಗಡೆಯದು ಸೆಕೆಂಡಿಗೆ 60 ಸಲ ಸ್ಕ್ರೀನ್ ಮೇಲಿನ ಚಿತ್ರ ಬದಲಿಸುತ್ತದೆ, ಬಲಗಡೆಯದು 120 ಸಲ. ಈ ಸಂಖ್ಯೆಯನ್ನೇ ರಿಫ್ರೆಶ್ ರೇಟ್ ಅನ್ನುವುದು, ಅದನ್ನು ಅಳೆಯುವುದು ಹರ್ಟ್ಜ್‌ನಲ್ಲಿ. ಅಂದರೆ ಬಲಗಡೆಯ ಟ್ಯಾಬ್ ತೋರಿಸುವ ಅರ್ಧದಷ್ಟು ಚಿತ್ರಗಳು ನಿಮ್ಮನ್ನು ತಲುಪುವುದೇ ಇಲ್ಲ.

ಹಾಗಾಗಿ ಫೋನ್‌ನಲ್ಲಿ ಸ್ಲೋ ಮೋಷನ್ ತೆಗೆದಿದ್ದೇನೆ. ಸೆಕೆಂಡಿಗೆ 240 ಫ್ರೇಮ್‌ನಂತೆ ತೆಗೆದು, 30ರಂತೆ ಓಡಿಸುತ್ತಿದ್ದೇನೆ. ಎಲ್ಲವೂ ಎಂಟು ಪಟ್ಟು ನಿಧಾನ. ಈಗ ಎಡಗಡೆ ನೋಡಿ. ಪುಟ ಜಾರುತ್ತಿಲ್ಲ, ಕುಪ್ಪಳಿಸುತ್ತಿದೆ. ಒಂದು ಕಡೆ ನಿಲ್ಲುತ್ತದೆ, ಮುಂದಕ್ಕೆ ಹಾರುತ್ತದೆ, ಮತ್ತೆ ನಿಲ್ಲುತ್ತದೆ. ಬಲಗಡೆಯದೂ ಕುಪ್ಪಳಿಸುತ್ತಿದೆ, ಆದರೆ ಹೆಜ್ಜೆ ಚಿಕ್ಕದು. ಎರಡೂ ಪುಟ ಹೋಗುತ್ತಿರುವ ವೇಗ ಮಾತ್ರ ಒಂದೇ.

ಲೆಕ್ಕ ಇಷ್ಟೇ. 60 ಹರ್ಟ್ಜ್ ಸ್ಕ್ರೀನ್‌ನಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ಇರುತ್ತದೆ. 120 ಹರ್ಟ್ಜ್‌ನಲ್ಲಿ 8.3. ನೀವು ಪುಟವನ್ನು ಸೆಕೆಂಡಿಗೆ ಸಾವಿರ ಪಿಕ್ಸೆಲ್ ವೇಗದಲ್ಲಿ ತಳ್ಳಿದರೆ, ಮೊದಲನೆಯದರಲ್ಲಿ ಅಕ್ಷರಗಳು ಒಂದೊಂದು ಸಲಕ್ಕೆ ಹದಿನೇಳು ಪಿಕ್ಸೆಲ್ ಹಾರುತ್ತವೆ. ಎರಡನೆಯದರಲ್ಲಿ ಎಂಟು ಚಿಲ್ಲರೆ.

ಅಷ್ಟು ಚಿಕ್ಕ ವ್ಯತ್ಯಾಸ ಕಣ್ಣಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ಅಲ್ಲೇ ಇರುವುದು ವಿಷಯ. ಪುಟ ಮೇಲಕ್ಕೆ ಹೋಗುವಾಗ ನಮ್ಮ ಕಣ್ಣು ಒಂದು ಸಾಲನ್ನು ಹಿಡಿದು ಅದರ ಜೊತೆಗೇ ಚಲಿಸುತ್ತದೆ. ಕಣ್ಣಿನ ಆ ಚಲನೆಗೆ ತಡೆ ಇಲ್ಲ. ಆದರೆ ಸ್ಕ್ರೀನ್ ಮೇಲಿನ ಚಿತ್ರ, ಸ್ಕ್ರೀನ್ ಎಲ್‌ಸಿಡಿ ಬಗೆಯದಿರಲಿ ಓಎಲ್‌ಇಡಿ ಬಗೆಯದಿರಲಿ, ಮುಂದಿನ ಫ್ರೇಮ್ ಬರುವವರೆಗೆ ಇದ್ದಲ್ಲೇ ಇರುತ್ತದೆ. ಕಣ್ಣು ಮುಂದೆ ಹೋಗುತ್ತಿದೆ, ಅಕ್ಷರ ನಿಂತಿದೆ. ಹಾಗಾಗಿ ಅಕ್ಷರ ನಮ್ಮ ಕಣ್ಣೊಳಗೇ ಉಜ್ಜಿದ ಹಾಗಾಗುತ್ತದೆ. ನಾವು ಮಸುಕು ಅನ್ನುವುದು ಇದನ್ನೇ. ಚಿತ್ರ ನಿಲ್ಲುವ ಹೊತ್ತು ಅರ್ಧ ಆದರೆ ಮಸುಕೂ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಕನ್ನಡ ಓದುವಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಒತ್ತಕ್ಷರ, ಕೊಂಬು ಎಲ್ಲ ಸಣ್ಣ ಸಣ್ಣ ಗೆರೆಗಳು, ಮೊದಲು ಕರಗಿಹೋಗುವುದೇ ಅವು.

ಫೋನ್‌ಗಿಂತ ಟ್ಯಾಬ್‌ನಲ್ಲಿ ಇದು ಜಾಸ್ತಿ ಕಾಣುವುದಕ್ಕೂ ಕಾರಣ ಇದೆ. ಸ್ಕ್ರೀನ್ ದೊಡ್ಡದು. ಒಂದು ಸಲ ಬೆರಳು ಎಳೆದರೆ ಸಾಲುಗಳು ಹೆಚ್ಚು ದೂರ ಹೋಗುತ್ತವೆ. ಜೊತೆಗೆ ಟ್ಯಾಬ್ ಹಿಡಿದು ನಾವು ಮಾಡುವ ಕೆಲಸ ನೋಡಿ: ಉದ್ದುದ್ದ ಲೇಖನ, ಪಿಡಿಎಫ್, ನಕ್ಷೆ, ಫೋಟೋಗಳ ರಾಶಿ. ಎಲ್ಲವೂ ಎಳೆದು ತಳ್ಳುವ ಕೆಲಸವೇ.

ಇನ್ನೊಂದು ಸಂಗತಿ. ಎಲ್‌ಸಿಡಿ ಸ್ಕ್ರೀನ್ ಇಡೀ ಚಿತ್ರವನ್ನು ಒಟ್ಟಿಗೆ ಬದಲಿಸುವುದಿಲ್ಲ. ಒಂದು ಅಂಚಿನಿಂದ ಶುರುಮಾಡಿ, ಸಾಲು ಸಾಲಾಗಿ ಇನ್ನೊಂದು ಅಂಚಿಗೆ ಹೋಗುತ್ತದೆ. ಟ್ಯಾಬನ್ನು ಒಂದು ದಿಕ್ಕಿನಲ್ಲಿ ಹಿಡಿದಾಗ ಇದು ಗೊತ್ತೇ ಆಗುವುದಿಲ್ಲ. ತಿರುಗಿಸಿ ನೋಡುವ ಚಟ ಇದ್ದವರಿಗೆ ಗೊತ್ತಾಗುತ್ತದೆ: ಅಡ್ಡ ಇದ್ದದ್ದನ್ನು ಉದ್ದ ಮಾಡಿದರೆ ಕೆಲವು ಟ್ಯಾಬ್‌ಗಳಲ್ಲಿ ಪುಟದ ಒಂದು ಬದಿ ಮುಂದೆ ಹೋಗಿ, ಇನ್ನೊಂದು ಬದಿ ಎಳೆದುಕೊಂಡು ಬಂದ ಹಾಗೆ ಕಾಣುತ್ತದೆ. ಇದನ್ನು ಜೆಲ್ಲಿ ಸ್ಕ್ರಾಲಿಂಗ್ ಅನ್ನುತ್ತಾರೆ. 2021ರ ಐಪ್ಯಾಡ್ ಮಿನಿ ಬಂದಾಗ ಇದು ದೊಡ್ಡ ಚರ್ಚೆ ಆಗಿತ್ತು. ಅದು 60 ಹರ್ಟ್ಜ್ ಸ್ಕ್ರೀನ್. 120 ಹರ್ಟ್ಜ್‌ನಲ್ಲಿ ಆ ಅಂಚಿನಿಂದ ಈ ಅಂಚಿಗೆ ಬರೋಕೆ ಇರುವ ಸಮಯವೇ 8.3 ಮಿಲಿಸೆಕೆಂಡ್. ಹಾಗಾಗಿ ಈ ವಾಲಾಟವೂ ಕಡಿಮೆ.

ಸರಿ, ಈಗ ಪೆನ್. ನನ್ನನ್ನು ಕೇಳಿದರೆ ಹೆಚ್ಚು ಹರ್ಟ್ಜ್‌ನ ನಿಜವಾದ ಲಾಭ ಇರುವುದು ಇಲ್ಲೇ.

ಟ್ಯಾಬ್ ಮೇಲೆ ಪೆನ್‌ನಿಂದ ಗೆರೆ ಎಳೆದಾಗ, ಗೆರೆ ಅಮ್ಮನ ಸೆರಗು ಹಿಡಿದ ಮಗುವಿನ ಹಾಗೆ ಸ್ವಲ್ಪ ಹಿಂದೆಯೇ ಬರುತ್ತಿರುತ್ತದೆ. ಪೆನ್ ಎಲ್ಲಿದೆ ಅಂತ ಗುರುತಿಸಬೇಕು, ಆ್ಯಪ್ ಗೆರೆ ತಯಾರಿಸಬೇಕು, ಆಮೇಲೆ ಸ್ಕ್ರೀನ್ ತನ್ನ ಮುಂದಿನ ಸರದಿ ಬಂದಾಗ ಅದನ್ನು ತೋರಿಸಬೇಕು. ಆ ಸರದಿ ಬೇಗ ಬೇಗ ಬಂದಷ್ಟೂ ಕಾಯುವುದು ಕಡಿಮೆ. 2017ರಲ್ಲಿ ಆಪಲ್ ತನ್ನ ಐಪ್ಯಾಡ್ ಪ್ರೋಗೆ ಮೊದಲ ಸಲ 120 ಹರ್ಟ್ಜ್ ತಂದಾಗ, ಪೆನ್ಸಿಲ್ ಅನ್ನುವ ತನ್ನ ಪೆನ್ನಿನ ತಡವನ್ನು 20 ಮಿಲಿಸೆಕೆಂಡ್‌ಗೆ ಇಳಿಸಿದ್ದೇವೆ ಎಂದಿತ್ತು. 2019ರಲ್ಲಿ ಸಾಫ್ಟ್‌ವೇರ್ ಬದಲಿಸಿ ಅದನ್ನು 9ಕ್ಕೆ ತಂದರು. ಪೆನ್ ಮುಂದೆ ಎಲ್ಲಿಗೆ ಹೋಗಬಹುದು ಅಂತ ಮೊದಲೇ ಊಹಿಸಿ ಗೆರೆ ಬರೆಯುವುದೂ ಈ ಆಟದಲ್ಲಿ ಸೇರಿದೆ. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಸ್ಕ್ರೀನ್‌ಗೇ ಕೊಡೋಕೆ ಬರುವುದಿಲ್ಲ.

ಮಿಲಿಸೆಕೆಂಡ್ ಅಂದರೆ ಏನೂ ಅನಿಸುವುದಿಲ್ಲ, ಮಿಲಿಮೀಟರ್‌ನಲ್ಲಿ ನೋಡೋಣ. ಪೆನ್ ಸೆಕೆಂಡಿಗೆ 20 ಸೆಂಟಿಮೀಟರ್ ಹೋಗುತ್ತಿದೆ ಅಂದುಕೊಳ್ಳಿ. 20 ಮಿಲಿಸೆಕೆಂಡ್ ತಡ ಅಂದರೆ ಪೆನ್ನಿನ ತುದಿಗೂ ಗೆರೆಗೂ 4 ಮಿಲಿಮೀಟರ್ ಅಂತರ. 9 ಮಿಲಿಸೆಕೆಂಡ್ ಆದರೆ ಎರಡು ಮಿಲಿಮೀಟರ್‌ಗೂ ಕಡಿಮೆ. ಸಣ್ಣ ಅಕ್ಷರ ಬರೆಯುವವರಿಗೆ ನಾಲ್ಕು ಮಿಲಿಮೀಟರ್ ಅಂದರೆ ಒಂದು ಇಡೀ ಅಕ್ಷರದ ಎತ್ತರ! ಗೆರೆ ಅಷ್ಟು ಹಿಂದೆ ಬಿದ್ದರೆ ಕೈ ತಾನಾಗಿಯೇ ನಿಧಾನ ಆಗುತ್ತದೆ, ಅಕ್ಷರ ದೊಡ್ಡದಾಗುತ್ತದೆ. ಬರೆಯುವವರು ತಮ್ಮ ಕೈಬರಹವನ್ನೇ ಬೈದುಕೊಳ್ಳುತ್ತಾರೆ, ಪಾಪ. ಕ್ಲಾಸಿನಲ್ಲಿ ನೋಟ್ಸ್ ಬರೆಯುವವರು, ಚಿತ್ರ ಬಿಡಿಸುವವರು, ಪಿಡಿಎಫ್ ಮೇಲೆ ಗುರುತು ಹಾಕುವವರು ಕಣ್ಣುಮುಚ್ಚಿ 120 ಹರ್ಟ್ಜ್ ತಗೊಳ್ಳಬಹುದು.

ಸಿನಿಮಾ ನೋಡುವವರಿಗೆ ಲಾಭ ಇದೆ, ಆದರೆ ಸಣ್ಣದು. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. 60ನ್ನು 24ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ. ಅದಕ್ಕೆ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತಾ ಹೋಗಬೇಕು. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಸಣ್ಣ ತಡವರಿಕೆ ಕಾಣುವುದು ಇದರಿಂದಲೇ. 120ರಲ್ಲಿ ಪ್ರತಿ ಫ್ರೇಮ್ ಐದೈದು ಸಲ, ಲೆಕ್ಕ ಚುಕ್ತಾ. ವಿಡಿಯೋ ಕಾಲ್‌ನಲ್ಲಿ ಮಾತ್ರ ಏನೂ ಸಿಗುವುದಿಲ್ಲ, ಆ ಕಡೆಯ ಕ್ಯಾಮೆರಾ ಕಳಿಸುವುದೇ ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಕಡಿಮೆ. ಗೇಮ್‌ಗಳ ಕಥೆ ಬೇರೆ. ಗೇಮ್ ಆ ವೇಗಕ್ಕೆ ಅವಕಾಶ ಕೊಡಬೇಕು, ಪ್ರೊಸೆಸರ್‌ಗೂ ಅಷ್ಟು ಫ್ರೇಮ್ ತಯಾರಿಸುವ ತಾಕತ್ತು ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಸ್ಕ್ರೀನ್ ಸುಮ್ನೆ ಕಾಯುತ್ತಾ ಕೂರುತ್ತದೆ.

ಹಾಗಾದರೆ 144 ಇನ್ನೂ ಒಳ್ಳೆಯದಾ? ಅಷ್ಟಾಗಿ ಏನಿಲ್ಲ. 60ರಿಂದ 90ಕ್ಕೆ ಹೋದರೆ ಪ್ರತಿ ಚಿತ್ರದಲ್ಲಿ 5.6 ಮಿಲಿಸೆಕೆಂಡ್ ಉಳಿಯುತ್ತದೆ. 90ರಿಂದ 120ಕ್ಕೆ ಹೋದರೆ 2.8. 120ರಿಂದ 144ಕ್ಕೆ ಬರೀ 1.4. ಅಂದರೆ 60ರಿಂದ 120ಕ್ಕೆ ಹೋದಾಗ ಸಿಗುವುದರಲ್ಲಿ ಮೂರರಲ್ಲಿ ಎರಡು ಪಾಲು 90ರಲ್ಲೇ ಸಿಕ್ಕಿಬಿಡುತ್ತದೆ. 90 ಹರ್ಟ್ಜ್ ಟ್ಯಾಬನ್ನು ನೋಡಿ ಯಾರೂ ಮೂಗು ಮುರಿಯಬೇಕಾಗಿಲ್ಲ. 144 ಅಂತ ದೊಡ್ಡದಾಗಿ ಬರೆದದ್ದನ್ನು ನೋಡಿ ಮರುಳಾಗಬೇಕಾಗಿಯೂ ಇಲ್ಲ.

ಡಬ್ಬದ ಮೇಲೆ 240 ಹರ್ಟ್ಜ್ ಅಂತ ಕಂಡರೆ ಇನ್ನೂ ಹುಷಾರು. ಅದು ಬಹುಪಾಲು ಟಚ್ ಸ್ಯಾಂಪ್ಲಿಂಗ್ ರೇಟ್. ಬೆರಳು ಎಲ್ಲಿದೆ ಅಂತ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಪರೀಕ್ಷಿಸುತ್ತದೆ ಅನ್ನುವ ಸಂಖ್ಯೆ ಅದು, ಚಿತ್ರ ಬದಲಿಸುವ ಸಂಖ್ಯೆ ಅಲ್ಲ. ಹಾಗೆಯೇ "ಹರ್ಟ್ಜ್ ಜಾಸ್ತಿ, ಕಣ್ಣಿಗೆ ಆಯಾಸ ಇಲ್ಲ" ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಕೆಲವು ಸ್ಕ್ರೀನ್‌ಗಳು ಬೆಳಕು ಕಡಿಮೆ ಮಾಡೋಕೆ ಬಹಳ ವೇಗವಾಗಿ ಮಿನುಗುತ್ತವೆ, ಕೆಲವರಿಗೆ ತಲೆನೋವು ಬರುವುದು ಆ ಮಿನುಗಿನಿಂದ. ಆ ಮಿನುಗೇ ಬೇರೆ, ರಿಫ್ರೆಶ್ ರೇಟೇ ಬೇರೆ.

ಬ್ಯಾಟರಿ ವಿಷಯ. ಹೌದು, ಹೆಚ್ಚು ಸಲ ಚಿತ್ರ ಬದಲಿಸಿದರೆ ಹೆಚ್ಚು ಖರ್ಚು. ಅದಕ್ಕೇ ಒಳ್ಳೆಯ ಟ್ಯಾಬ್‌ಗಳು ನೀವು ಸುಮ್ನೆ ಓದುತ್ತಾ ಕೂತಾಗ ವೇಗ ಇಳಿಸಿಕೊಳ್ಳುತ್ತವೆ. 2024ರ ಐಪ್ಯಾಡ್ ಪ್ರೋ 10 ಹರ್ಟ್ಜ್‌ವರೆಗೂ ಇಳಿಯುತ್ತದೆ. ಎಲ್ಲ ಟ್ಯಾಬ್‌ಗಳೂ ಅಷ್ಟು ಜಾಣ ಅಲ್ಲ, ಕೆಲವು ಎರಡು ಮೂರು ಮೆಟ್ಟಿಲುಗಳ ನಡುವೆ ಮಾತ್ರ ಹತ್ತಿ ಇಳಿಯುತ್ತವೆ. ಬ್ಯಾಟರಿ ಸೇವರ್ ಹಾಕಿದರೆ ತುಂಬಾ ಟ್ಯಾಬ್‌ಗಳು ಸದ್ದಿಲ್ಲದೆ 60ಕ್ಕೆ ಬಂದುಬಿಡುತ್ತವೆ. "ಟ್ಯಾಬ್ ಯಾಕೋ ಸ್ಲೋ ಆಯ್ತು" ಅನಿಸಿದಾಗ ಮೊದಲು ಅದನ್ನೇ ನೋಡಿ.

ನಿಮ್ಮ ಹತ್ತಿರ ಈಗಾಗಲೇ ಇಂಥ ಟ್ಯಾಬ್ ಇದ್ದರೆ ಪರೀಕ್ಷೆ ಸುಲಭ. ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಡೆವಲಪರ್ ಆಪ್ಷನ್ಸ್ (ಆ್ಯಪ್ ತಯಾರಿಸುವವರಿಗಾಗಿ ಇರುವ ಮೆನು) ಒಳಗೆ "ಶೋ ರಿಫ್ರೆಶ್ ರೇಟ್" ಅಂತ ಇರುತ್ತದೆ. ಆನ್ ಮಾಡಿದರೆ ಮೂಲೆಯಲ್ಲಿ ಸಂಖ್ಯೆ ಕಾಣುತ್ತದೆ. ಕೆಲವು ಆ್ಯಪ್ ತೆರೆದ ತಕ್ಷಣ ಅದು 60ಕ್ಕೆ ಬೀಳುವುದನ್ನು ನೋಡೋದೇ ಒಂದು ಮಜಾ. ಐಪ್ಯಾಡ್ ಪ್ರೋದಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಅದರೊಳಗೆ ಮೋಷನ್, ಅಲ್ಲಿ "ಲಿಮಿಟ್ ಫ್ರೇಮ್ ರೇಟ್" ಇದೆ. ಆನ್ ಮಾಡಿದರೆ 60, ಆಫ್ ಮಾಡಿದರೆ 120. ಅದೇ ಟ್ಯಾಬ್, ಅದೇ ಪುಟ. ಇದಕ್ಕಿಂತ ನ್ಯಾಯವಾದ ಹೋಲಿಕೆ ಇಲ್ಲ.

ಹೊಸದು ಕೊಳ್ಳುವವರು ಅಂಗಡಿಯಲ್ಲಿ ಡಾರ್ಕ್ ಮೋಡ್ ಹಾಕಿ, ಉದ್ದದ ಪುಟ ತೆರೆದು, ಬೆರಳು ಎತ್ತದೆ ನಿಧಾನವಾಗಿ ಮೇಲೆ ಕೆಳಗೆ ಎಳೆಯಿರಿ. ಅಕ್ಷರದ ಹಿಂದೆ ನೆರಳು ಕಂಡರೆ ಆ ಸ್ಕ್ರೀನ್‌ನ ಪಿಕ್ಸೆಲ್‌ಗಳು ಸಾಕಷ್ಟು ಬೇಗ ಬಣ್ಣ ಬದಲಿಸುತ್ತಿಲ್ಲ ಅಂತ ಅರ್ಥ. 120 ಅಂತ ಬರೆದಿದ್ದರೂ ಪೂರ್ತಿ ಲಾಭ ಸಿಗುವುದಿಲ್ಲ. ಆಮೇಲೆ ಟ್ಯಾಬನ್ನು ಉದ್ದ, ಅಡ್ಡ ಎರಡೂ ರೀತಿ ಹಿಡಿದು ನೋಡಿ. ಪೆನ್ ಇದ್ದರೆ ಬೇಗ ಬೇಗ ನಿಮ್ಮ ಸಹಿ ಹಾಕಿ. ಪಕ್ಕದ 60 ಹರ್ಟ್ಜ್ ಟ್ಯಾಬ್‌ನಲ್ಲೂ ಅದನ್ನೇ ಮಾಡಿ. ವ್ಯತ್ಯಾಸ ಗೊತ್ತಾಗಲಿಲ್ಲವಾ? ಹಾಗಾದರೆ 60ರದ್ದನ್ನೇ ತಗೊಂಡು, ಉಳಿದ ದುಡ್ಡಿಗೆ ಸ್ಟೋರೇಜ್ ಜಾಸ್ತಿ ಇರುವ ಮಾಡೆಲ್ ನೋಡಿ.